ಮಾಘ ಮಾಸದಲ್ಲಿ ತುಂಬಿದ ಹೊಳೆ

ಪುಣೆಯ ಐಟಿ ಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಗುರುವಾರ ಸಂಜೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಈ ಶನಿವಾರ ಎಲ್ಲಿಗೆ?" ಲೋನಾವಳಾ ನೋಡಿ ಆಯಿತು, ಸಿಂಹಗಡದ ಪಿಠ್ಲ ಭಾಕರಿ ತಿಂದೂ ಆಯಿತು. ಈಗೊಂದೆರಡು ವರ್ಷದಿಂದ ಎಲ್ಲರ ಬಾಯಲ್ಲೂ ಕೋಲಾಡ್. ಬೆಳಿಗ್ಗೆ ಹೊಳೆಯಲ್ಲಿ ರ‍್ಯಾಫ್ಟಿಂಗ್, ಮಧ್ಯಾಹ್ನ ಊಟ, ಊಟದ ಮೇಲೆ ಜೀಪಿನಲ್ಲೋ ನಾಲ್ಕು ಚಕ್ರದ ಎಟಿವಿ ಬೈಕಿನಲ್ಲೋ ಕಾಡುದಾರಿಯ ಸವಾರಿ, ರಾತ್ರಿ ಊಟದ ಹೊತ್ತಿಗೆ ಮನೆ. ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ, ರಜೆಯೂ ಉಳಿಯುತ್ತದೆ.

ನಮ್ಮನೆಯಲ್ಲಿ ಈ ಹಟ ಹಿಡಿದವನು ಅಣ್ಣನ ಮಗ. ಇಲ್ಲೇ ಎಂಜಿನಿಯರಿಂಗ್ ಓದುತ್ತಾನೆ, ವಾರಕ್ಕೊಮ್ಮೆ ಹಾಸ್ಟೆಲಿನಿಂದ ಊಟಕ್ಕೆ ಬರುತ್ತಾನೆ. "ಅತ್ತಿ, ಒಮ್ಮೆರೆ ಹೋಗೋಣ" ಎಂದು ದೀಪಾವಳಿಯಿಂದ ಕಾಡುತ್ತಿದ್ದ. ಫೆಬ್ರವರಿಯ ಮೊದಲ ಶನಿವಾರಕ್ಕೆ ದಿನ ಗೊತ್ತು ಮಾಡಿದೆವು. ಅದೇ ವಾರ ಅಪ್ಪನೂ ಊರಿಂದ ಬಂದಿಳಿದರು. ತೊಗರಿ ರಾಶಿ ಮುಗಿದಿತ್ತು, ಕಣ್ಣು ತೋರಿಸಬೇಕಿತ್ತು. ಅಪ್ಪನನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಎಂಟು ವರ್ಷದ ಮಗಳನ್ನು ರ‍್ಯಾಫ್ಟಿಗೆ ಹತ್ತಿಸುವುದಿಲ್ಲ ಎಂದು ಫೋನಿನಲ್ಲೇ ಹೇಳಿದ್ದರು. ಹಾಗಾದರೆ ಅಜ್ಜ-ಮೊಮ್ಮಗಳು ದಡದ ಮೇಲೆ, ಉಳಿದವರು ನೀರಿನಲ್ಲಿ, ಮಧ್ಯಾಹ್ನದ ಜೀಪಿಗೆ ಎಲ್ಲರೂ ಎಂದು ಲೆಕ್ಕ ಹಾಕಿ ಹೊರಟೆವು.

ಅಪ್ಪನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮದು ಅಫಜಲಪುರ ತಾಲ್ಲೂಕು. ಹೊಲದ ಬದುವಿನ ಮೇಲೆ ನಿಂತರೆ ಭೀಮಾ ನದಿ ಕಾಣುತ್ತದೆ. ಅಪ್ಪ ಅದನ್ನು ನದಿ ಎಂದವರಲ್ಲ, ಬರೀ "ಹೊಳಿ". ಎಪ್ಪತ್ತು ವರ್ಷದಲ್ಲಿ ಆ ಹೊಳೆ ಬತ್ತಿದ್ದನ್ನು ಎಷ್ಟು ಸಲ ನೋಡಿದ್ದಾರೋ, ಮೈದುಂಬಿ ಹೊಲಕ್ಕೆ ನುಗ್ಗಿದ್ದನ್ನೂ ನೋಡಿದ್ದಾರೆ. 2020ರ ಅಕ್ಟೋಬರಿನಲ್ಲಿ ಬಂದ ಪ್ರವಾಹಕ್ಕೆ ನಮ್ಮ ಕಬ್ಬು, ತೊಗರಿ ಎರಡೂ ಹೋದವು.

ಬೆಳಗಿನ ಐದಕ್ಕೆ ವಾಕಡ್ ಬಿಟ್ಟೆವು. ಹಿಂಜವಡಿ, ಮಾಣ್, ಘೋಟಾವಡೆ ದಾಟಿ ಪೌಡ್ ಸೇರುವಾಗ ಇನ್ನೂ ಕತ್ತಲು. ನಾನು ದಿನಾ ಹೋಗುವ ಆಫೀಸಿನ ಮುಂದೆಯೇ ಹೋದದ್ದು. ಹಿಂಜವಡಿಯ ಐಟಿ ಪಾರ್ಕ್ ಇರುವುದು ಮುಳಶಿ ತಾಲ್ಲೂಕಿನಲ್ಲಿ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. ಸಂಬಳದ ಚೀಟಿಯಲ್ಲಿ ತಾಲ್ಲೂಕಿನ ಹೆಸರು ಇರುವುದಿಲ್ಲವಲ್ಲ.

ಪೌಡ್ ದಾಟಿ ತಾಮ್ಹಿಣಿ ಘಾಟಿನ ದಾರಿ ಹಿಡಿದಾಗ ಬೆಳಕು ಹರಿಯಿತು. ಬಲಗಡೆಗೆ ಮುಳಶಿ ಜಲಾಶಯ, ಮೇಲೆ ಮಂಜು. ಮಗಳು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಅಪ್ಪ ಕೇಳಿದರು, "ಇದು ಯಾರ ಕೆರಿ?"

"ಟಾಟಾದ್ದು" ಎಂದರು ನಮ್ಮ ಮನೆಯವರು. ಅವರ ಉತ್ತರ ಅಷ್ಟೇ. ಅಪ್ಪನೂ ಆಗ ಮುಂದೆ ಕೇಳಲಿಲ್ಲ.

ಘಾಟು ಇಳಿದರೆ ಕೊಂಕಣ. ವಿಳೆ ಎಂಬಲ್ಲಿ ಬಲಕ್ಕೆ ತಿರುಗಿ ಸುತಾರವಾಡಿಯ ಮೇಲೆ ಕೋಲಾಡ್. ಈ ಹೆಸರು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಕೋಲಾಡಿನ ಮೇಲೆ ಹಾದುಹೋಗುವ ಮುಂಬೈ-ಗೋವಾ ಹೆದ್ದಾರಿಯೇ ಮುಂದೆ ಕಾರವಾರ, ಉಡುಪಿ, ಮಂಗಳೂರಿಗೆ ಹೋಗುವ ಹೆದ್ದಾರಿ. ಕೊಂಕಣ ರೈಲ್ವೆಯವರು ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸುರತ್ಕಲ್‌ವರೆಗೆ ಸಾಗಿಸುವುದೂ ಇದೇ ಕೋಲಾಡ್ ನಿಲ್ದಾಣದಿಂದ.

ಹೊಳೆಯ ಹೆಸರು ಕುಂಡಲಿಕಾ. ನಾವು ತಲುಪಿದಾಗ ಎಂಟು ಗಂಟೆ. ನೋಡಿದರೆ ಹೊಳೆಯಲ್ಲಿ ಹೊಳೆಯೇ ಇಲ್ಲ! ಕರಿ ಬಂಡೆಗಳು, ನಡುವೆ ಮೊಣಕಾಲುದ್ದದ ನೀರು. ಅಣ್ಣನ ಮಗನ ಮುಖ ಸಣ್ಣಗಾಯಿತು. "ಇದರಾಗ ಏನು ರ‍್ಯಾಫ್ಟಿಂಗ್ ಮಾಡೋದು, ಎಮ್ಮಿ ಮೈ ತೊಳೀಬಹುದು" ಎಂದ.

ಗೈಡ್ ಹುಡುಗ ಉತ್ತರಾಖಂಡದವನು. ಗಡಿಯಾರ ನೋಡಿ, "ಪಾನಿ ಆಯೇಗಾ ಸಾಬ್" ಎಂದ. ಬಸ್ಸು ಬರುತ್ತದೆ ಎನ್ನುವ ಹಾಗೆ.

ನೀರು ಬರುವವರೆಗೆ ಪಾಠ. ಹೆಲ್ಮೆಟ್, ಲೈಫ್ ಜಾಕೆಟ್, ಹುಟ್ಟು ಕೊಟ್ಟರು. ಹುಟ್ಟಿನ ಮೇಲ್ತುದಿಯಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಿಡಿ ಇರುತ್ತದೆ. ಒಂದು ಕೈ ಸದಾ ಅದರ ಮೇಲೆಯೇ ಇರಬೇಕು. ರಭಸದಲ್ಲಿ ಆ ಹಿಡಿ ಬಿಟ್ಟರೆ ಪಕ್ಕದವರ ಹಲ್ಲು ಮುರಿಯುತ್ತದೆ. ಕೂರುವುದು ದೋಣಿಯ ಒಳಗಲ್ಲ, ಅಂಚಿನ ಗಾಳಿ ತುಂಬಿದ ಕೊಳವೆಯ ಮೇಲೆ, ಒಂದು ಪಾದವನ್ನು ಒಳಗಿನ ಪಟ್ಟಿಗೆ ಸಿಕ್ಕಿಸಿ. "ಫಾರ್ವರ್ಡ್" ಎಂದರೆ ಮುಂದಕ್ಕೆ, "ಬ್ಯಾಕ್" ಎಂದರೆ ಹಿಂದಕ್ಕೆ ಹುಟ್ಟು ಹಾಕಬೇಕು. "ಸ್ಟಾಪ್" ಎಂದರೆ ಹುಟ್ಟು ಎತ್ತಬೇಕು, "ಗೆಟ್ ಡೌನ್" ಎಂದರೆ ದೋಣಿಯೊಳಗೆ ಕುಕ್ಕರಗಾಲಲ್ಲಿ ಕೂತು ಹಗ್ಗ ಹಿಡಿಯಬೇಕು. ನೀರಿಗೆ ಬಿದ್ದರೆ ನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕೀತು. ಅಂಗಾತ ತೇಲುತ್ತ, ಎರಡೂ ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಬೇಕು. ಬಂಡೆ ಬಂದರೆ ಪಾದಕ್ಕೆ ತಾಗಲಿ, ತಲೆಗೆ ಬೇಡ.

ನನಗೆ ಕೊಟ್ಟ ಜಾಕೆಟ್ಟಿನ ಒಂದು ಬಕಲ್ ಮುರಿದಿತ್ತು. "ಕುಚ್ ನಹೀ ಹೋಗಾ ಮೇಡಮ್, ಎರಡು ಬಕಲ್ ಸಾಕು" ಎಂದ ಸಾಮಾನು ಕೊಡುವವನು. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನವಳು. ಮೂರು ಬಕಲ್ ಇಟ್ಟವರು ಸುಮ್ಮನೆ ಇಟ್ಟಿರುವುದಿಲ್ಲ ಎಂದು ಜಗಳ ಮಾಡಿ ಬದಲಿಸಿಕೊಂಡೆ. ಅಣ್ಣನ ಮಗನದು ಇನ್ನೊಂದು ಕಥೆ. ಭೀಮೆಯಲ್ಲಿ ಈಜು ಕಲಿತವನು, ಜಾಕೆಟ್ಟನ್ನು ಸಡಿಲ ಬಿಟ್ಟು ಠೀವಿಯಿಂದ ನಿಂತಿದ್ದ. ಅಪ್ಪ ಹೋಗಿ ತಾವೇ ಪಟ್ಟಿ ಎಳೆದು ಬಿಗಿದರು.

"ಮುತ್ಯಾ, ನನಗ ಈಜು ಬರ್ತದ."

"ಹೊಳಿ ಈಜು ಬಂದವರನ್ನೇ ಒಯ್ತದ. ಬರಲಾರದವ ನೀರಿಗೆ ಇಳಿಯೋದೇ ಇಲ್ಲ. ಸುಮ್ನ ಕಟ್ಕೋ."

ಒಂಬತ್ತರ ಹೊತ್ತಿಗೆ ನೀರು ಬಂತು. ಸದ್ದಿಲ್ಲದೆ ಬಂತು. ನೋಡುನೋಡುತ್ತ ಸಣ್ಣ ಕಲ್ಲುಗಳು ಮುಳುಗಿದವು, ಆಮೇಲೆ ದೊಡ್ಡವು. ದಡದ ಹುಲ್ಲು ಬಾಗಿತು. ಕಾಲು ಗಂಟೆಯಲ್ಲಿ ನಮ್ಮೆದುರು ಬೇರೆಯೇ ಹೊಳೆ ಇತ್ತು. ಅಪ್ಪ ಕೈಯಲ್ಲಿದ್ದ ಚಹಾ ಮರೆತು ನೋಡುತ್ತಿದ್ದರು.

"ಮಾಘ ಮಾಸದಾಗ ಹೊಳಿ ತುಂಬಿ ಬರ್ಲತ್ತದಲ್ಲ, ಮಳಿ ಎಲ್ಲಿ ಆಗ್ಯಾದ?"

ನನಗೆ ಉತ್ತರ ಗೊತ್ತಿತ್ತು. ಆದರೆ ಗೈಡ್ ಶಿಳ್ಳೆ ಹಾಕಿದ. "ಸಂಜಿಗೆ ಹೇಳ್ತೀನಿ ಅಪ್ಪಾ" ಎಂದು ದೋಣಿ ಹತ್ತಿದೆ.

ನಮ್ಮ ದೋಣಿಯಲ್ಲಿ ನಾವು ಮೂವರು, ಮುಂಬೈನಿಂದ ಬಂದ ನಾಲ್ವರು ಹುಡುಗರು, ಹಿಂದೆ ಗೈಡ್. ಸುಮಾರು ಹನ್ನೆರಡು ಕಿಲೋಮೀಟರ್ ದಾರಿ. ರ‍್ಯಾಪಿಡ್ ಎಂದರೆ ನೀರು ಬಂಡೆಗಳ ನಡುವೆ ಇಳಿಜಾರಿನಲ್ಲಿ ನೊರೆಗಟ್ಟಿ ನುಗ್ಗುವ ಜಾಗ. ಅವುಗಳನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಕುಂಡಲಿಕಾದ ರ‍್ಯಾಪಿಡ್‌ಗಳು ಎರಡು, ಮೂರರ ದರ್ಜೆಯವು, ನಮ್ಮಂಥ ಹೊಸಬರಿಗೆ ಸರಿಯಾದವು. ಆದರೂ ಮೊದಲ ಇಳಿತದಲ್ಲಿ ದೋಣಿಯ ಮೂತಿ ಕೆಳಗಿಳಿದು, ಎದುರಿನ ಅಲೆ ಗೋಡೆಯಂತೆ ಎದ್ದು ಮುಖಕ್ಕೆ ಹೊಡೆದಾಗ, ಎಂಟು ವರ್ಷ ಕಾರ್ಪೊರೇಟ್ ಮೀಟಿಂಗುಗಳಲ್ಲಿ ಕಾಪಾಡಿಕೊಂಡ ಗಾಂಭೀರ್ಯವೆಲ್ಲ ಹೋಗಿ "ಯವ್ವಾ" ಎಂದು ಕೂಗಿದೆ. ಮುಂಬೈ ಹುಡುಗರು ಉಳಿದ ದಾರಿಯುದ್ದಕ್ಕೂ ಪ್ರತಿ ರ‍್ಯಾಪಿಡ್ಡಿಗೂ "ಯವ್ವಾ" ಎಂದೇ ಕೂಗಿದರು. ಕೊಂಕಣದ ಹೊಳೆಯಲ್ಲಿ ಅಷ್ಟರಮಟ್ಟಿಗೆ ಕನ್ನಡದ ಪ್ರಚಾರವಾಯಿತು.

ನಾಲ್ಕನೆಯದೋ ಐದನೆಯದೋ ಇಳಿತದಲ್ಲಿ ಅಣ್ಣನ ಮಗ ಬಿದ್ದ. ಪಾದವನ್ನು ಪಟ್ಟಿಗೆ ಸಿಕ್ಕಿಸಿರಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನನ್ನ ಎದುರಿದ್ದ ಜಾಗ ಖಾಲಿ. ಕೆಂಪು ಹೆಲ್ಮೆಟ್ ನೊರೆಯಲ್ಲಿ ಒಮ್ಮೆ ಕಂಡು ಮತ್ತೆ ಮಾಯವಾಯಿತು. ಗೈಡ್ ಗಾಬರಿಯಾಗಲಿಲ್ಲ. "ಫಾರ್ವರ್ಡ್!" ಎಂದು ನಮ್ಮಿಂದ ಹುಟ್ಟು ಹಾಕಿಸಿ, ಹಗ್ಗದ ಚೀಲ ಬಿಚ್ಚಿ ಎಸೆದ. ಜೊತೆಗೆ ಬರುತ್ತಿದ್ದ ಕಯಾಕಿನವನು ಆಗಲೇ ಅವನ ಪಕ್ಕದಲ್ಲಿದ್ದ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡಾಗ ಹುಡುಗ ಕೆಮ್ಮುತ್ತ ನಕ್ಕ. ನನಗೆ ನಗು ಬರಲಿಲ್ಲ. ಅಪ್ಪ ಬಿಗಿದಿದ್ದ ಆ ಪಟ್ಟಿ ಸಡಿಲವಿದ್ದಿದ್ದರೆ ಜಾಕೆಟ್ ಮಾತ್ರ ನನ್ನ ಕೈಗೆ ಬರುತ್ತಿತ್ತು. ಅವರಮ್ಮನಿಗೆ ಏನೆಂದು ಹೇಳುತ್ತಿದ್ದೆ?

ಕೊನೆಗೆ ನೀರು ಶಾಂತವಾದ ಕಡೆ ಗೈಡ್ ಎಲ್ಲರನ್ನೂ ಹೊಳೆಗೆ ಇಳಿಸಿದ. ಜಾಕೆಟ್ಟಿನ ಮೇಲೆ ಅಂಗಾತ ತೇಲುತ್ತ ಹೋದೆವು. ಬಿಸಿಲಿಗೂ ನೀರು ತಣ್ಣಗೆ ಕೊರೆಯುತ್ತಿತ್ತು. ಆಳದ ಕೆರೆಯಲ್ಲಿ ನಿಂತು ಬಂದ ನೀರಿಗೆ ಆ ತಂಪು ಇರುತ್ತದೆ.

ಮಧ್ಯಾಹ್ನ ಊಟಕ್ಕೆ ಅಕ್ಕಿ ರೊಟ್ಟಿಯಂಥ ಭಾಕರಿ, ಮಟಕಿ ಕಾಳಿನ ಉಸಳ, ಸೋಲ್ ಕಡಿ. ಆಮೇಲೆ ಜೀಪು. ತೆರೆದ ಹಳೇ ಮಹೀಂದ್ರಾ, ಓಡಿಸುವವರು ಪಕ್ಕದ ಹಳ್ಳಿಯವರೇ. ಹೊಳೆದಂಡೆಯ ಉಸುಕು, ಕಲ್ಲುಹಾಸಿನ ಹಳ್ಳ, ಕೆಂಪು ಮಣ್ಣಿನ ಏರು, ಕೊಯ್ಲಾದ ಭತ್ತದ ಗದ್ದೆ ಎಲ್ಲದರ ಮೇಲೂ ಗಾಡಿ ಹೋಗುತ್ತದೆ. ಕಡಿದಾದ ಏರು ಬಂದಾಗ ಚಾಲಕರು ಗಾಡಿ ನಿಲ್ಲಿಸಿ ಎರಡನೆಯ ಗೇರುಕೋಲು ಎಳೆದರು. ಆಗ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ವೇಗ ಕಡಿಮೆ, ಎಳೆತ ಹೆಚ್ಚು. ಜೋರಾಗಿ ಓಡಿಸುವವನು ಈ ಆಟದಲ್ಲಿ ಸೋಲುತ್ತಾನೆ. ಮುಂದೆ ಎಲ್ಲಿ ಚಕ್ರ ಇಡಬೇಕೆಂದು ನೋಡಿಕೊಂಡು, ಆಮೆಯ ಹಾಗೆ ಹೋಗುವವನು ಗೆಲ್ಲುತ್ತಾನೆ.

ನಾವೆಲ್ಲ ಕಂಬಿ ಹಿಡಿದು ಕುಪ್ಪಳಿಸುತ್ತಿದ್ದೆವು, ಮಗಳು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡಳು. ಅಪ್ಪ ಮಾತ್ರ ಎತ್ತಿನ ಬಂಡಿಯಲ್ಲಿ ಕೂತವರಂತೆ ಮೈ ಸಡಿಲ ಬಿಟ್ಟು ಆರಾಮಾಗಿ ಕೂತಿದ್ದರು. ಹಳ್ಳ ದಾಟಿದ ಮೇಲೆ ಕೇಳಿದರು:

"ಇದಕ್ಕೂ ರೊಕ್ಕ ಕೊಟ್ಟೀರೇನು?"

"ಹೌದಪ್ಪಾ."

"ನಮ್ಮೂರ ಹಾದಿ ಹಿಂಗೇ ಅದ. ಪುಕ್ಕಟ ಅದ. ಒಬ್ಬರೂ ಬರವಲ್ಲರು."

ಜೀಪಿನವರಿಗೆ ಕನ್ನಡ ಬಾರದು, ಆದರೆ ಅಪ್ಪನಿಗೆ ಮರಾಠಿ ಬರುತ್ತದೆ. ನಮ್ಮ ಕಡೆಯವರಿಗೆ ಸೊಲ್ಲಾಪುರದ ಪೇಟೆ, ಪಂಢರಪುರದ ವಾರಿ ಎರಡೂ ಮರಾಠಿ ಕಲಿಸುತ್ತವೆ. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು ಬೆಳೆಯ ಮಾತಿಗೆ ಇಳಿದರು. ಮೊದಲು ಭತ್ತ ಕೊಯ್ದ ಮೇಲೆ ಊರಲ್ಲಿ ಕೆಲಸವಿರುತ್ತಿರಲಿಲ್ಲ, ಮುಂಬೈಗೆ ಹೋಗಬೇಕಿತ್ತು ಎಂದರು ಅವರು. ಈಗ ತಾನು ಜೀಪು ಓಡಿಸುತ್ತೇನೆ, ತಮ್ಮ ರ‍್ಯಾಫ್ಟ್ ಗೈಡ್ ಆಗಿದ್ದಾನೆ, ಮನೆಯ ಹೆಂಗಸರು ಭಾಕರಿ ಮಾಡಿಕೊಡುತ್ತಾರೆ. ನಾವು ಹೋಗುತ್ತಿರುವ ಗದ್ದೆ ಚಿಕ್ಕಪ್ಪನದು. ಮಳೆ ಬಿದ್ದು ನಾಟಿ ಶುರುವಾದರೆ ಈ ದಾರಿ ಇರುವುದಿಲ್ಲ, ಗದ್ದೆ ಗದ್ದೆಯಾಗುತ್ತದೆ.

ಅಪ್ಪ ಅವರನ್ನೂ ಅದೇ ಪ್ರಶ್ನೆ ಕೇಳಿದರು. ನೀರು ಎಲ್ಲಿಂದ?

ಅವರು ಪೂರ್ವಕ್ಕೆ, ಸಹ್ಯಾದ್ರಿಯ ಗೋಡೆಯತ್ತ ಕೈ ತೋರಿಸಿದರು. "ವರೂನ್. ಭಿರಾ." ಮೇಲಿಂದ, ಭಿರಾದಿಂದ.

ಅಪ್ಪನಿಗೆ ಸಂಜೆ ಹೇಳುತ್ತೇನೆಂದಿದ್ದ ಉತ್ತರವೂ ಇದೇ. ಬೆಳಿಗ್ಗೆ ಬಲಗಡೆ ಕಂಡ ಮುಳಶಿ ಜಲಾಶಯ ಘಾಟಿನ ತಲೆಯ ಮೇಲಿದೆ. ಅದರ ನೀರನ್ನು ಬೆಟ್ಟದ ಈಚೆಗೆ ತಂದು, ಸುಮಾರು ಐನೂರು ಮೀಟರ್ ಕೆಳಗಿರುವ ಭಿರಾಕ್ಕೆ ದೊಡ್ಡ ಕೊಳವೆಗಳಲ್ಲಿ ಇಳಿಸಿ, ಟರ್ಬೈನು ತಿರುಗಿಸಿ ವಿದ್ಯುತ್ ಮಾಡುತ್ತಾರೆ. ಭಿರಾದ ಈ ವಿದ್ಯುದಾಗಾರ ಶುರುವಾದದ್ದು 1927ರಲ್ಲಿ. ಕೆಲಸ ಮುಗಿಸಿದ ನೀರನ್ನು ಕೆಳಗೆ ಇನ್ನೊಂದು ಕಟ್ಟೆಯಲ್ಲಿ ನಿಲ್ಲಿಸಿ, ಮತ್ತೊಮ್ಮೆ ವಿದ್ಯುತ್ ತೆಗೆದು ಕುಂಡಲಿಕಾಗೆ ಬಿಡುತ್ತಾರೆ. ಹಾಗೆ ಬಿಟ್ಟ ನೀರಿನ ಮೇಲೆಯೇ ನಮ್ಮ ದೋಣಿ ತೇಲಿದ್ದು. ಮುಂದೆ ಅದು ರೋಹಾದ ರಾಸಾಯನಿಕ ಕಾರ್ಖಾನೆಗಳನ್ನು ದಾಟಿ ರೇವದಂಡಾದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ಅಂದರೆ ನಾವು "ಕಾಡುಹೊಳೆ" ಎಂದು ದುಡ್ಡು ಕೊಟ್ಟು ಕುಣಿದ ಆ ರಭಸ ಯಾರೋ ಗುಂಡಿ ಒತ್ತಿದ್ದರಿಂದ ಬಂದದ್ದು. ವಿದ್ಯುತ್ ಬೇಡವಾದ ದಿನ ಆ ರಭಸವೂ ಇಲ್ಲ.

ದಾಂಡೇಲಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಗಣೇಶಗುಡಿಯ ಬಳಿ ಕಾಳಿ ನದಿಯ ರ‍್ಯಾಫ್ಟಿಂಗ್ ನಡೆಯುವುದೂ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗೆಂದು ನೀರು ಬಿಟ್ಟಾಗ. ಆ ಅಣೆಕಟ್ಟಿನ ಕೆಳಗೆ ಹಳೆಯ ಸೂಪಾ ಊರೇ ಮುಳುಗಿದೆ. ತಾಲ್ಲೂಕು ಕೇಂದ್ರ ಈಗ ಜೋಯಿಡಾ.

ಮುಳಶಿಯಲ್ಲೂ ಸುಮಾರು ಐವತ್ತು ಹಳ್ಳಿಗಳಿಗೆ ಮುಳುಗಡೆಯ ಕುತ್ತು ಬಂದಿತ್ತು. ಮುಂಬೈಯ ಗಿರಣಿಗಳಿಗೂ ರೈಲಿಗೂ ವಿದ್ಯುತ್ ಬೇಕಿತ್ತು. ರೈತರು ಎದ್ದರು. 1921ರಲ್ಲಿ ಸತ್ಯಾಗ್ರಹ ಶುರುವಾಯಿತು, 1924ರವರೆಗೆ ನಡೆಯಿತು. ಎಡಿನ್‌ಬರೋದಲ್ಲಿ ಓದಿ ಬಂದಿದ್ದ ಪಾಂಡುರಂಗ ಮಹಾದೇವ ಬಾಪಟ್ ಅದರ ಮುಂದಾಳಾಗಿ ಜೈಲಿಗೆ ಹೋದರು. ಜನ ಅವರನ್ನು "ಸೇನಾಪತಿ" ಎಂದು ಕರೆದದ್ದು ಆ ಹೋರಾಟದಿಂದಲೇ. ಪುಣೆ ವಿಶ್ವವಿದ್ಯಾಲಯದಲ್ಲಿದ್ದ ರಾಜೇಂದ್ರ ವೋರಾ ಇದನ್ನು ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಎಂದು ಕರೆದು ಪುಸ್ತಕ ಬರೆದಿದ್ದಾರೆ. ಹೋರಾಟ ಸೋತಿತು, ಕಟ್ಟೆ ಎದ್ದಿತು. ಪುಣೆಯಲ್ಲಿರುವ ನಾವೆಲ್ಲ ಸಂಜೆ ಸೇನಾಪತಿ ಬಾಪಟ್ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೈದುಕೊಳ್ಳುತ್ತೇವೆ. ಯಾವ ಸೇನೆ, ಯಾವ ಪತಿ ಎಂದು ಹನ್ನೆರಡು ವರ್ಷ ನಾನೂ ಕೇಳಿರಲಿಲ್ಲ.

ಇನ್ನೊಂದು ಮಾತು ಉಳಿದಿತ್ತು. ಅದನ್ನು ಅಪ್ಪನಿಗೆ ಹೇಳಲು ನನಗೆ ಸ್ವಲ್ಪ ಅಳುಕಿತ್ತು.

ಮುಳಶಿಯಲ್ಲಿ ಕಟ್ಟೆ ಕಟ್ಟಿರುವುದು ನೀಲಾ ಮತ್ತು ಮುಳಾ ನದಿಗಳ ನೀರಿಗೆ. ಮುಳಾ ಹುಟ್ಟಾ ಪೂರ್ವಕ್ಕೆ ಹರಿಯುವ ನದಿ. ನಮ್ಮ ವಾಕಡ್, ಬಾಣೇರ್, ಔಂಧ್‌ಗಳ ಪಕ್ಕದಲ್ಲಿ ಕಪ್ಪಗೆ ಹರಿಯುವುದು ಅದೇ. ಪುಣೆಯ ಸಂಗಮದಲ್ಲಿ ಮುಠಾ ನದಿಯನ್ನು ಕೂಡಿಕೊಂಡು ಮುಳಾ-ಮುಠಾ ಆಗಿ ದೌಂಡ್ ಕಡೆ ಭೀಮೆಯನ್ನು ಸೇರುತ್ತದೆ. ಆ ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, ಇಂಡಿ, ಅಫಜಲಪುರ, ಗಾಣಗಾಪುರದ ಮೇಲೆ ಕೃಷ್ಣೆಗೆ ಹೋಗುತ್ತದೆ. ಮುಳಶಿಯ ನೀರಿನ ಸಹಜ ದಾರಿ ಅದು. ಸುಮಾರು ನೂರು ವರ್ಷದ ಹಿಂದೆ ಅದರ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದರು.

ತಿರುಗಿ ಬರುವಾಗ ಘಾಟು ಹತ್ತಿ, ಜಲಾಶಯ ಕಾಣುವ ಕಡೆ ಚಹಾಕ್ಕೆ ನಿಂತೆವು. ಅಲ್ಲಿ ಹೇಳಿದೆ. ಅಪ್ಪ ಬಹಳ ಹೊತ್ತು ನೀರನ್ನೇ ನೋಡಿದರು.

"ಅಂದ್ರ ಇದು ನಮ್ಮ ಹೊಳಿ ನೀರು."

"ಬರಬೇಕಾಗಿದ್ದು, ಹೌದು."

"ಯಾರೂ ಕೇಳಲಿಲ್ಲೇನು?"

ಕೇಳಿದ್ದಾರೆ ಎಂದೆ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟಾಗ, ಟಾಟಾ ಜಲವಿದ್ಯುತ್ ಯೋಜನೆಗಳು ಪಶ್ಚಿಮಕ್ಕೆ ಎಷ್ಟು ನೀರು ತಿರುಗಿಸಬಹುದು ಎಂಬುದಕ್ಕೂ ಮಿತಿ ಹಾಕಿತು. ತಿರುಗಿಸುವುದು ನಿಲ್ಲಲಿಲ್ಲ, ಲೆಕ್ಕಕ್ಕೆ ಬಂತು. ಸುಮ್ಮನೆ ಹೊಟ್ಟೆ ಉರಿಸುವುದು ಬೇಡವೆಂದು ಇನ್ನೊಂದು ಮಾತನ್ನೂ ಹೇಳಿದೆ. ಈ ನೀರು ಪೂರ್ವಕ್ಕೇ ಹರಿದಿದ್ದರೂ ನಮ್ಮೂರಿಗೆ ಬರುತ್ತಿತ್ತೆಂಬ ಭರವಸೆಯೇನಿಲ್ಲ. ನಡುವೆ ಪುಣೆ ಇದೆ, ನಾನೇ ಬಕೆಟ್ಟುಗಟ್ಟಲೆ ಬಳಸುತ್ತೇನೆ. ಉಜನಿ ಇದೆ, ಸೊಲ್ಲಾಪುರದ ಕಬ್ಬು ಇದೆ. ನಮ್ಮವರು ಮಾತ್ರ ಏನು ಕಡಿಮೆ? ಪಶ್ಚಿಮಕ್ಕೆ ಹರಿಯುವ ಮಹದಾಯಿಯ ನೀರನ್ನು ಪೂರ್ವಕ್ಕೆ, ಮಲಪ್ರಭೆಗೆ ತಿರುಗಿಸಿ ಎಂದು ನಾವೂ ಹೋರಾಡುತ್ತಿಲ್ಲವೇ? ನೀರು ತಿರುಗಿಸುವುದು ಅನ್ಯಾಯವೋ ನ್ಯಾಯವೋ ಎಂಬುದನ್ನು ಎಲ್ಲರೂ ತಮ್ಮ ದಡದಲ್ಲಿ ನಿಂತೇ ಹೇಳುತ್ತಾರೆ. ಅಣ್ಣನ ಮಗ ತನ್ನ ಫೋನಿನಲ್ಲಿ ನಕ್ಷೆ ತೆರೆದು, ಬೆರಳಿನಿಂದ ಎರಡೂ ದಾರಿಗಳನ್ನು ಮುತ್ಯಾನಿಗೆ ತೋರಿಸಿದ. ನಿಂತ ನೆಲದಿಂದ ಒಂದು ಕಡೆ ಸಮುದ್ರ ಹತ್ತಿರವೇ ಇತ್ತು. ಇನ್ನೊಂದು ಕಡೆ ನಮ್ಮೂರು ಬಹಳ ದೂರ.

ಅಪ್ಪ ಚಹಾ ಮುಗಿಸಿದರು. ನಾನು ಬೇಸರವನ್ನೋ ಸಿಟ್ಟನ್ನೋ ನಿರೀಕ್ಷಿಸಿದ್ದೆ. ಅವರು ನಕ್ಕರು.

"ಹೋಗ್ಲಿ ಬಿಡು. ಇದೂ ನಿನ್ನಂಗೇ. ಅತ್ತ ಬರಬೇಕಾಗಿದ್ದು ಇತ್ತ ಬಂದು ದುಡೀಲತ್ತದ."

ನಾನು ಏನೂ ಹೇಳಲಿಲ್ಲ. ಕಾರಿನಲ್ಲಿ ಮಗಳು ಅವರ ತೊಡೆಯ ಮೇಲೆ ಮಲಗಿದಳು. ಪೌಡ್ ದಾಟುವಾಗ ಅಪ್ಪ ಮತ್ತೊಂದು ಮಾತು ಕೇಳಿದರು: "ಆ ಹಳ್ಳಿ ಮಂದಿ ಎಲ್ಲಿ ಹೋದರು?" ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ.

ಇಷ್ಟು ಓದಿದ ಮೇಲೆ ಹೋಗಬೇಡಿ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಖಂಡಿತ ಹೋಗಿ. ಆ ಜೀಪಿನವರ ಮನೆ ನಡೆಯುವುದು ನಮ್ಮಂಥವರಿಂದಲೇ. ಹೋಗುವವರಿಗೆ ಅನುಭವದ ನಾಲ್ಕು ಮಾತು:

ಹಿಂದಿನ ಸಂಜೆಯೇ ಫೋನ್ ಮಾಡಿ, ನಾಳೆ ನೀರು ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ದುಡ್ಡು ವಾಪಸ್ಸೋ, ಬೇರೆ ದಿನವೋ ಎಂಬುದನ್ನು ಬರಹದಲ್ಲೇ ಪಡೆಯಿರಿ. ಮಕ್ಕಳ ವಯಸ್ಸನ್ನು ಹೆಚ್ಚಿಸಿ ಹೇಳಬೇಡಿ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಜೀಪಿಗೂ ಹತ್ತಬೇಡಿ, ಕುಲುಕಾಟ ದೋಣಿಗಿಂತ ಹೆಚ್ಚು. ಜಾಕೆಟ್ಟಿನ ಪ್ರತಿ ಬಕಲನ್ನೂ ನೀವೇ ಎಳೆದು ನೋಡಿ. ಹೆಗಲ ಪಟ್ಟಿ ಹಿಡಿದು ಎತ್ತಿದರೆ ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ. ದೋಣಿಗಳ ಜೊತೆ ರಕ್ಷಣೆಗೆ ಕಯಾಕ್ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲವೆಂದರೆ ಬೇರೆಯವರನ್ನು ಹುಡುಕಿ. ಕನ್ನಡಕಕ್ಕೆ ದಾರ ಕಟ್ಟಿ, ಫೋನು ದಡದಲ್ಲಿರಲಿ. ಮಳೆಗಾಲದಲ್ಲಿ ನೀರಿನ ಲೆಕ್ಕವೇ ಬೇರೆ. ಗೈಡ್ "ಇವತ್ತು ಬೇಡ" ಎಂದರೆ ವಾದ ಮಾಡಬೇಡಿ. ಎಟಿವಿ ಕೊಟ್ಟರೆ ಗುರುತು ಮಾಡಿದ ದಾರಿಯಲ್ಲೇ ಓಡಿಸಿ, ಬದು ಹತ್ತಿಸಬೇಡಿ. ಅದು ಯಾರದೋ ಚಿಕ್ಕಪ್ಪನ ಗದ್ದೆ.

ಮತ್ತು ಸಾಧ್ಯವಾದರೆ ಊರಿನಿಂದ ಬಂದ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವರು ದಡದಲ್ಲೇ ಕೂತಿರಲಿ, ಪರವಾಗಿಲ್ಲ. ನೀವು ಕೇಳದ ಪ್ರಶ್ನೆಯನ್ನು ಅವರು ಕೇಳುತ್ತಾರೆ.

ಅಪ್ಪ ಸೋಮವಾರ ಊರಿಗೆ ಹೋದರು. ಮುಟ್ಟಿದೆ ಎಂದು ಹೇಳಲು ರಾತ್ರಿ ಫೋನ್ ಮಾಡಿದಾಗ, ಹೊಳೆ ಹೇಗಿದೆ ಎಂದು ಕೇಳಿದೆ.

"ಹೊಳ್ಯಾಗ ನಡಕೊಂಡು ದಾಟಿ ಬಂದೆ" ಎಂದರು.